ಅದ, ಐತಿ, ಇದೆ

ತಿದ್ದಲು ಬಂದ ಕಾದಂಬರಿಯ ಪುಟ 41ರಲ್ಲಿ ನಾಯಕ ಸಿದ್ರಾಮನ ಅಕ್ಕನ ಹೆಸರು ನೀಲಮ್ಮ. ಪುಟ 163ರಲ್ಲಿ ಅವಳೇ ನೀಲವ್ವ ಆಗಿದ್ದಾಳೆ. ಪುಟ 220ಕ್ಕೆ ಬಂದರೆ ಅವಳು ಸಿದ್ರಾಮನ ತಂಗಿ.

ನಿನ್ನೆ ರಾತ್ರಿ ಈ ಮೂರು ಸಾಲು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮಲಗಿದೆ. ಬೆಳಿಗ್ಗೆ ಚಹಾ ಇಡುವಾಗಲೂ ತಲೆಯಲ್ಲಿ ಅದೇ. ನೀಲಮ್ಮ, ನೀಲವ್ವ ಎರಡೂ ಇರಬಹುದು. ತಮ್ಮ ಒಂದು ರೀತಿ ಕರೆದರೆ ಊರವರು ಇನ್ನೊಂದು ರೀತಿ ಕರೆಯುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಇದೆ. ಆದರೆ ಅಕ್ಕ ತಂಗಿಯಾಗಲು ಬರುವುದಿಲ್ಲ. ಮೊದಲನೆಯದು ಕೇಳಬೇಕಾದ ವಿಷಯ, ಎರಡನೆಯದು ತಿದ್ದಬೇಕಾದ ವಿಷಯ. ಯಾವುದನ್ನು ಕೇಳಬೇಕು, ಯಾವುದನ್ನು ತಿದ್ದಬೇಕು ಅನ್ನೋದು 14 ವರ್ಷ ಆದಮೇಲೂ ನನಗೆ ದಿನಾ ಬೆಳಿಗ್ಗೆ ಹೊಸದಾಗಿ ಎದುರಾಗುತ್ತದೆ.

ನಾನು ಕಲಬುರಗಿಯ ಬ್ರಹ್ಮಪುರದಲ್ಲಿ ಮನೆಯಲ್ಲೇ ಕೂತು ಕಥೆ, ಕಾದಂಬರಿಗಳ ಹಸ್ತಪ್ರತಿ ತಿದ್ದುತ್ತೇನೆ. ಪುಟ ಕಟ್ಟಿದ ಮೇಲೆ ಕರಡು, ಅಂದರೆ ಪ್ರೂಫ್, ನೋಡುತ್ತೇನೆ. ಅದಕ್ಕೂ ಮೊದಲು ಸೂಪರ್ ಮಾರ್ಕೆಟ್ ಕಡೆಯ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಲಗ್ನಪತ್ರಿಕೆ ಒಳ್ಳೆ ಸಾಲಿ. ಸೋದರಮಾವನ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋದರೆ ಏನಾಗುತ್ತದೆ ಅನ್ನೋದು ಅಲ್ಲಿ ಕೂತವರಿಗೆ ಗೊತ್ತು.

ಪಕ್ಕದ ಮನೆಯ ಅಜ್ಜಿ ಒಮ್ಮೆ ಕೇಳಿದರು, ‘ಅಂದ್ರ ಮಂದಿ ಬರ್ದಿದ್ರಾಗ ತಪ್ಪು ಹುಡ್ಕೋದೇ ನಿನ್ನ ಕೆಲಸೇನವಾ? ಅದಕ್ಕ ರೊಕ್ಕ ಕೊಡ್ತಾರ?’ ಕೊಡುತ್ತಾರೆ. ಕರಡು ನೋಡಲು ಪುಟಕ್ಕೆ 15 ರೂಪಾಯಿ, ಹಸ್ತಪ್ರತಿ ತಿದ್ದಲು 40. ಹಿಂದೆ ಒಂದು ಪ್ರಕಾಶನ ಏಳು ತಿಂಗಳು ಸತಾಯಿಸಿದ ಮೇಲೆ ಅರ್ಧ ಹಣ ಮೊದಲೇ ತೆಗೆದುಕೊಳ್ಳುತ್ತೇನೆ. ಇದರ ಬಗ್ಗೆ ಇಷ್ಟು ಸಾಕು.

ಈ ಎರಡು ಕೆಲಸ ಬೇರೆ ಬೇರೆ ಅನ್ನೋದು ಬರೆಯುವವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ‘ಸುಮ್ನೆ ಒಂದ್ಸಲ ಪ್ರೂಫ್ ನೋಡಿ ಕೊಡ್ರಿ’ ಅಂತ ಕಳಿಸುತ್ತಾರೆ. ತೆರೆದು ನೋಡಿದರೆ ಐದನೇ ಅಧ್ಯಾಯ ಮೂರನೆಯದಾಗಬೇಕು. ನಾಯಕನ ಅಪ್ಪ ಸತ್ತ ಸುದ್ದಿ ಓದುಗರಿಗೆ ಎರಡು ಸಲ ಗೊತ್ತಾಗುತ್ತದೆ. ಇದೆಲ್ಲ ಪುಟ ಕಟ್ಟುವ ಮೊದಲೇ ಆಗಬೇಕಾದ ಕೆಲಸ. ಪುಟ ಕಟ್ಟಿದ ಮೇಲೆ ಒಂದು ಸಾಲು ಸೇರಿಸಿದರೂ ಕೆಳಗಿನ ಸಾಲುಗಳೆಲ್ಲ ಜರುಗುತ್ತವೆ. ಪ್ರೆಸ್ಸಿನಲ್ಲಿ 16 ಪುಟ ಒಟ್ಟಿಗೆ ಅಚ್ಚಾಗುವ ಹಾಳೆಗೆ ಫಾರಂ ಅನ್ನುತ್ತಾರೆ. ಆ ಲೆಕ್ಕದಲ್ಲಿ 208 ಪುಟಕ್ಕೆ ಸರಿಯಾಗಿ 13 ಫಾರಂ. 209ನೇ ಪುಟಕ್ಕೆ ನಾಲ್ಕೇ ಸಾಲು ಹರಿದರೂ ಪ್ರಿಂಟಿಂಗ್ ಪ್ರೆಸ್ಸಿನವರು ಇನ್ನೊಂದು ಫಾರಂನ ಲೆಕ್ಕ ಹೇಳುತ್ತಾರೆ. ಆಗ ಲೇಖಕರು ಫೋನ್ ಮಾಡಿ, ಎಲ್ಲಾದರೂ ನಾಲ್ಕು ಸಾಲು ತೆಗೆಯಿರಿ ಅನ್ನುತ್ತಾರೆ. ಕಾದಂಬರಿಯಿಂದ ನಾಲ್ಕು ಸಾಲು ‘ಎಲ್ಲಾದರೂ’ ತೆಗೆಯಲು ಬರುತ್ತದೆಯೇ?

ಈಗ ನನ್ನ ಮುಂದಿರುವುದು, ಸಿದ್ರಾಮ, ನೀಲಮ್ಮ ಬರುವುದು, ಶಹಾಬಾದಿನ ಹುಡುಗನೊಬ್ಬನ ಮೊದಲ ಕಾದಂಬರಿ. ಅವನ ಅಪ್ಪ ಕಲ್ಲಿನ ಖಣಿಯಲ್ಲಿ ಕೆಲಸ ಮಾಡಿದವರು. ಶಹಾಬಾದ್ ಕಲ್ಲು ಅಂದರೆ ಗೊತ್ತಲ್ಲ, ನಮ್ಮ ಕಡೆ ಹಳೇ ಮನೆಗಳಿಗೆಲ್ಲ ಅದೇ ಫರಸಿ. ನನ್ನ ಕೋಣೆಯ ನೆಲವೂ ಅದೇ. ಬೇಸಿಗೆಯಲ್ಲಿ ಹೊರಗೆ 42–43 ಡಿಗ್ರಿ ಇದ್ದಾಗ ಆ ಕಲ್ಲಿನ ಮೇಲೆ ಕೂತು ಕರಡು ಹರಡಿಕೊಂಡರೆ ಸ್ವಲ್ಪ ತಂಪು. ಪದರ ಪದರವಾಗಿ ಏಳುವ ಆ ಕಲ್ಲನ್ನು ಎಬ್ಬಿಸುವ ರೀತಿಯನ್ನು ಹುಡುಗ ಎಂಥ ಚೆನ್ನಾಗಿ ಬರೆದಿದ್ದಾನೆ! ಉಳಿಯ ಏಟಿನ ಸದ್ದು ಬದಲಾದರೆ ಒಳಗೆ ಬಿರುಕಿದೆ ಅಂತ ಅಪ್ಪನಿಗೆ ಗೊತ್ತಾಗುವ ಒಂದು ಪುಟ ಇದೆ. ಅಲ್ಲಿ ನಾನು ಒಂದು ಕಾಮಾ ಕೂಡ ಮುಟ್ಟಿಲ್ಲ.

ಆದರೆ ಟೈಪಿಂಗ್ ನೋಡಿ ದಿಗಿಲಾಯಿತು. ಕಾದಂಬರಿಯ ತಾಯಿಯ ಹೆಸರು ಗುಂಡಮ್ಮ. ಹೆಚ್ಚುಕಮ್ಮಿ ಪುಟಪುಟದಲ್ಲೂ ಬರುತ್ತಾಳೆ. ಕಂಪ್ಯೂಟರಿನಲ್ಲಿ ಹುಡುಕಿದರೆ 62 ಕಡೆ ಮಾತ್ರ ಸಿಕ್ಕಳು. ಉಳಿದ ಗುಂಡಮ್ಮ ಎಲ್ಲಿ ಹೋದಳು?

ಕನ್ನಡದಲ್ಲಿ ಸೊನ್ನೆ ಎರಡಿವೆ. ಒಂದು ‘ಅಂ’ನಲ್ಲಿ ಬರುವ ಅನುಸ್ವಾರ. ಇನ್ನೊಂದು ಲೆಕ್ಕದ ಸೊನ್ನೆ, ೦. ಕಣ್ಣಿಗೆ ಎರಡೂ ಒಂದೇ ಥರ. ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರ. ‘ಗುಂಡಮ್ಮ’ ಬೇರೆ, ‘ಗು೦ಡಮ್ಮ’ ಬೇರೆ. ಟೈಪ್ ಮಾಡಿದವರು ಅರ್ಧ ಪುಸ್ತಕಕ್ಕೆ ಅಂಕಿಯ ಸೊನ್ನೆ ಹಾಕಿದ್ದರು. ಇನ್ನು ಕೆಲವರು ಅರ್ಕಾವತ್ತು ಸಿಗದಿದ್ದರೆ ಒಂಬತ್ತರ ಅಂಕಿ ಒತ್ತಿಬಿಡುತ್ತಾರೆ. ‘ಸೂರ್ಯ’ ‘ಸೂಯ೯’ ಆಗುತ್ತಾನೆ. ಓದುವವರು ಸರಾಗವಾಗಿ ಓದಿಕೊಂಡು ಹೋಗುತ್ತಾರೆ. ಆದರೆ ಅದೇ ಕಡತ ಇ–ಪುಸ್ತಕವಾದಾಗ ಯಾರಾದರೂ ಸೂರ್ಯನನ್ನು ಹುಡುಕಿದರೆ ಸಿಗುವುದಿಲ್ಲ. ಹೀಗಾಗಿ ಯಾವ ಹಸ್ತಪ್ರತಿ ಬಂದರೂ ಮೊದಲು ಈ ಸೊನ್ನೆ, ಒಂಬತ್ತುಗಳನ್ನು ತೆಗೆಯುತ್ತೇನೆ. ಮನೆ ಕಸ ಗುಡಿಸಿ ಆಮೇಲೆ ಒಲೆ ಹಚ್ಚಿದ ಹಾಗೆ.

ಹಳೇ ‘ನುಡಿ’, ‘ಬರಹ’ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಈಗಿನ ಯೂನಿಕೋಡಿಗೆ ತಂದಾಗ ಒತ್ತಕ್ಷರ ತಪ್ಪಿ ಎಲ್ಲೋ ಕೂರುವುದೂ ಉಂಟು. ‘ಬೋರ್‌ವೆಲ್’ ಅನ್ನುವ ಪದ ‘ಬೋರ್ವೆಲ್’ ಆಗಿ ಬರುತ್ತದೆ. ಕಾಗುಣಿತ ನೋಡುವ ಸಾಫ್ಟ್‌ವೇರ್ ಸಹಾಯಕ್ಕೆ ಬರುವುದು ಕಡಿಮೆ. ಮನೆ, ಮನೆಗೆ, ಮನೆಯವರಿಗೂ, ಮನೆಯೊಳಗಿನಿಂದಲೇ ಅಂತ ನಮ್ಮ ಪದಗಳು ಬೆಳೆಯುತ್ತಲೇ ಹೋಗುತ್ತವೆ. ಅದಕ್ಕೆ ಅರ್ಧ ಪುಟ ತಪ್ಪಾಗಿ ಕಾಣುತ್ತದೆ, ಎಲ್ಲದರ ಕೆಳಗೂ ಕೆಂಪು ಗೆರೆ ಎಳೆಯುತ್ತದೆ. ನಿಜವಾದ ತಪ್ಪಿನ ಕೆಳಗೆ ಮಾತ್ರ ಎಳೆಯುವುದಿಲ್ಲ. ‘ಈ ಸಲ ತೊಗರಿ ಬೆಲೆ ಚೆನ್ನಾಗಿತ್ತು, ಬೆಳೆ ಸಿಗಲಿಲ್ಲ’ ಅಂತ ಒಂದು ಸಾಲಿತ್ತು. ಲ, ಳ ಅದಲುಬದಲಾಗಿದೆ. ಎರಡೂ ಸರಿಯಾದ ಪದಗಳೇ. ಮುಂದಿನ ಸಾಲಿನಲ್ಲಿ ರೈತ ರಾಶಿ ಮಾಡಿ ಚೀಲ ತುಂಬಿ ಅಡತಿ ಅಂಗಡಿಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾನೆ ಅನ್ನೋದನ್ನು ಓದಿದವರಿಗೆ ಮಾತ್ರ ತಪ್ಪು ಕಾಣುತ್ತದೆ. ಕಲಬುರಗಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಅದಕ್ಕೇ ನಾನು ಬಾಯಿಬಿಟ್ಟು ಓದುತ್ತೇನೆ. ಸಾಲಿನ ಕೆಳಗೆ ಸ್ಕೇಲ್ ಇಟ್ಟು, ಒಂದೊಂದೇ ಸಾಲು. ಕೊನೆಯ ಕರಡನ್ನು ಹಿಂದಿನ ಪುಟದಿಂದ ಮುಂದಕ್ಕೆ ಓದುತ್ತೇನೆ. ಕಥೆಯ ಹಿಂದೆ ಬಿದ್ದರೆ ಕಣ್ಣು ಅಕ್ಷರ ಬಿಟ್ಟು ಓಡುತ್ತದೆ. ಹಿಂದಿನಿಂದ ಬಂದರೆ ಕಥೆ ಇರುವುದಿಲ್ಲ, ಅಕ್ಷರ ಮಾತ್ರ ಇರುತ್ತದೆ.

ಕಾಗುಣಿತಕ್ಕಿಂತ ಕಾಲದ ತಪ್ಪು ನನಗೆ ಜಾಸ್ತಿ ನಿದ್ದೆಗೆಡಿಸುತ್ತದೆ. ಈ ಕಾದಂಬರಿ ನಡೆಯುವುದು 1985ರಲ್ಲಿ. ಅದರಲ್ಲಿ ನಮ್ಮೂರಿನ ಸೂಫಿ ಸಂತ ಖಾಜಾ ಬಂದೇನವಾಜರ ಉರುಸಿನ ದೃಶ್ಯ ಇದೆ. ಗುಂಡಮ್ಮ ಮಗನನ್ನು ಕರೆದುಕೊಂಡು ದರ್ಗಾಕ್ಕೆ ಬರುತ್ತಾಳೆ. ಮೇ ತಿಂಗಳ ಬಿಸಿಲು, ಕಾಲು ಸುಡುತ್ತದೆ, ಹುಡುಗ ನೀರಿಗೆ ಅಳುತ್ತಾನೆ. ತುಂಬಾ ಚೆಂದದ ದೃಶ್ಯ. ಆದರೆ ಉರುಸ್ ನಡೆಯುವುದು ಹಿಜರಿ ಲೆಕ್ಕದ ಜುಲ್‌ಕಾದಾ ತಿಂಗಳಲ್ಲಿ. ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಮೇ ತಿಂಗಳಲ್ಲೇ ಬಂದಿತ್ತು. ಬರೆದ ಹುಡುಗ ತಾನು ಕಂಡ ಉರುಸನ್ನು 1985ಕ್ಕೆ ಒಯ್ದಿದ್ದ. ಲೆಕ್ಕ ಹಾಕಿದರೆ 1985ರಲ್ಲಿ ಅದು ಆಗಸ್ಟ್ ಶುರುವಿನಲ್ಲಿ ಬೀಳುತ್ತದೆ. ಅಂದರೆ ಮಳೆಗಾಲ.

ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಅಕ್ಕಾ, ಆ ಬಿಸ್ಲು ತಗದ್ರ ಹುಡ್ಗ ಅಳೂದೇ ಹೋಗ್ತದಲ್ರೀ’ ಅಂದ. ಹೌದು, ಹೋಗುತ್ತದೆ. ಹಾಗಂತ ನಾನೇ ಬಿಸಿಲು ಅಳಿಸಿ ಮಳೆ ಬರೆಯಲು ಆಗುವುದಿಲ್ಲ. ವರ್ಷ ಬದಲಿಸುತ್ತೀಯೋ, ಋತು ಬದಲಿಸುತ್ತೀಯೋ ನೀನೇ ನೋಡು ಅಂದೆ. ಹತ್ತು ದಿನ ಬಿಟ್ಟು ಹೊಸ ದೃಶ್ಯ ಕಳಿಸಿದ. ಜಡಿಮಳೆ, ಕೆಸರು, ನೂಕುನುಗ್ಗಲಿನಲ್ಲಿ ಹುಡುಗನ ಒಂದು ಚಪ್ಪಲಿ ಹೂತುಹೋಗುತ್ತದೆ. ಅವನು ಆ ಚಪ್ಪಲಿಗೆ ಅಳುತ್ತಾನೆ. ಓದಿ ನನ್ನ ಕಣ್ಣೂ ತುಂಬಿತು. ಮೊದಲಿನದಕ್ಕಿಂತ ಇದು ಎಷ್ಟೋ ಮೇಲು.

ಇನ್ನೂ ಕೆಲವು ಇದ್ದವು. ಮಾರ್ಚ್ ತಿಂಗಳಲ್ಲಿ ತೊಗರಿ ಹೊಲ ಹಳದಿ ಹೂ ಬಿಟ್ಟಿತ್ತು. ಮಾರ್ಚ್‌ಗೆ ತೊಗರಿ ರಾಶಿಯೇ ಮುಗಿದಿರುತ್ತದೆ. ಗುಂಡಮ್ಮ ‘ಶಹಾಬಾದ್ ತಾಲೂಕು ಕಚೇರಿ’ಗೆ ಅರ್ಜಿ ಕೊಡುತ್ತಾಳೆ. ಆಗ ಶಹಾಬಾದ್ ಇದ್ದದ್ದು ಚಿತ್ತಾಪುರ ತಾಲೂಕಿನಲ್ಲಿ. 1940ರ ಸುಮಾರಿನ ಮುತ್ಯಾನ, ಅಂದರೆ ಅಜ್ಜನ, ಅಧ್ಯಾಯದಲ್ಲಿ ಒಬ್ಬ ಶಾನುಭೋಗ ಬರುತ್ತಾನೆ. ನಿಜಾಮರ ಕಾಲದ ನಮ್ಮ ಹಳ್ಳಿಗೆ ಶಾನುಭೋಗ ಎಲ್ಲಿಂದ ಬರಬೇಕು? ಇಲ್ಲಿ ಊರಿನ ಲೆಕ್ಕ ಬರೆಯುವವನು ಪಟವಾರಿ, ಅವನ ಜೊತೆ ಮಾಲಿ ಪಾಟೀಲ, ಪೊಲೀಸ್ ಪಾಟೀಲ. ಆ ಹುಡುಗ ಓದಿ ಬೆಳೆದ ಕಾದಂಬರಿಗಳು ಮೈಸೂರು ಕಡೆಯವು, ಹಾಗಾಗಿ ಶಾನುಭೋಗ ಬಂದುಬಿಟ್ಟ.

ಊರಿನ ಹೆಸರಿನದು ಇನ್ನೂ ಸೂಕ್ಷ್ಮ. 2014ರ ನವೆಂಬರ್ 1ರಂದು ಗುಲಬರ್ಗಾ ಸರ್ಕಾರಿ ಕಾಗದದಲ್ಲಿ ಕಲಬುರಗಿ ಆಯಿತು. ಹಾಗಾಗಿ ಹುಡುಗ ಇಡೀ ಪುಸ್ತಕದಲ್ಲಿ ಒಂದೇ ಏಟಿಗೆ ‘ಕಲಬುರಗಿ’ ಅಂತ ಮಾಡಿದ್ದ. 1985ರ ರೈಲ್ವೆ ಸ್ಟೇಷನ್ನಿನ ಬೋರ್ಡ್ ಕೂಡ ಕಲಬುರಗಿ! ಬೋರ್ಡಿನ ಮೇಲೆ, ಪಗಾರದ ಚೀಟಿಯ ಮೇಲೆ ‘ಗುಲಬರ್ಗಾ’ ಇರಬೇಕು. ಆದರೆ ಗುಂಡಮ್ಮನ ಬಾಯಲ್ಲಿ? ಹಳ್ಳಿಯ ಮಂದಿ ಸರ್ಕಾರದ ಆದೇಶಕ್ಕೆ ಕಾಯದೆ ಮೊದಲಿನಿಂದಲೂ ‘ಕಲಬುರ್ಗಿ’ ಅಂತಲೇ ಅನ್ನುತ್ತಿದ್ದರು. ಹಾಗಾಗಿ ಒಂದೇ ಪುಟದಲ್ಲಿ ಕಣ್ಣಿಗೆ ಕಾಣುವುದು ಗುಲಬರ್ಗಾ, ಕಿವಿಗೆ ಕೇಳುವುದು ಕಲಬುರ್ಗಿ. ಇದನ್ನು ಒಂದೊಂದಾಗಿ ನೋಡಿ ಸರಿ ಮಾಡಲು ಎರಡು ದಿನ ಹಿಡಿಯಿತು.

ಇಷ್ಟೆಲ್ಲ ಹುಷಾರಿ ನನಗೆ ಎಲ್ಲಿಂದ ಬಂತು ಅಂತ ಹೇಳಲೇಬೇಕು. 2013ರಲ್ಲಿ ಚಿಂಚೋಳಿ ಕಡೆಯ ಒಬ್ಬ ನಿವೃತ್ತ ಮಾಸ್ತರರ ಕಾದಂಬರಿ ನನ್ನ ಕೈಗೆ ಬಂತು. ಬೇರೆ ಊರಿನ ಪ್ರಕಾಶನ. ಮಾತುಗಳೆಲ್ಲ ನಮ್ಮ ಭಾಷೆಯಲ್ಲಿದ್ದವು. ‘ಮನಿಗಿ ಹೋಗ್ಲತ್ತೀನಿ’, ‘ರೊಟ್ಟಿ ಅದ, ಖಾರಬ್ಯಾಳಿ ಅದ, ಉಂಡು ಹೋಗು’. ಪ್ರಕಾಶನದವರು ಫೋನಿನಲ್ಲಿ ಹೇಳಿದರು, ಉತ್ತರ ಕರ್ನಾಟಕದ ಭಾಷೆ ಅಂದರೆ ‘ಐತಿ’, ಓದುಗರಿಗೆ ಅದೇ ರೂಢಿ, ಎಲ್ಲ ಕಡೆ ಒಂದೇ ಥರ ಮಾಡಿ ಅಂತ.

ನಾನು ಮಾಡಿದೆ. ‘ಅದ’ ಇದ್ದಲ್ಲೆಲ್ಲ ‘ಐತಿ’. ‘ಹೋಗ್ಲತ್ತೀನಿ’ ಇದ್ದಲ್ಲೆಲ್ಲ ‘ಹೊಂಟೇನಿ’. ನಾನು ಹುಟ್ಟಿದ್ದು ಇದೇ ಊರಿನಲ್ಲಿ. ನನ್ನ ಅವ್ವ ‘ಐತಿ’ ಅಂದದ್ದನ್ನು ಒಂದು ದಿನವೂ ಕೇಳಿಲ್ಲ. ನಾನೇ ಆ ಫೋನ್ ಇಟ್ಟು ಒಳಗೆ ಹೋಗಿ ‘ಸಾರು ಅದ ಏನು?’ ಅಂತ ಕೇಳಿರುತ್ತೇನೆ. ಆದರೂ ಮಾಡಿದೆ. ಕೆಲಸಕ್ಕೆ ಹೊಸಬಳು, ಒಂದೇ ಥರ ಇರುವುದೇ ಸರಿ ಅಂತ ನಂಬಿದ್ದೆ. ಸಮಯ ಕಡಿಮೆ ಅಂತ ಕೊನೆಯ ಕರಡನ್ನು ಪ್ರಕಾಶನದವರು ಮಾಸ್ತರಿಗೆ ತೋರಿಸಲಿಲ್ಲ. ತೋರಿಸಿ ಅಂತ ನಾನೂ ಕೇಳಲಿಲ್ಲ. 500 ಪ್ರತಿ ಅಚ್ಚಾಯಿತು.

ಬಿಡುಗಡೆಯ ದಿನ ಮಾಸ್ತರರು ಪುಸ್ತಕ ತೆರೆದು ಅಲ್ಲಲ್ಲಿ ಓದಿದರು. ಸಿಟ್ಟಾಗಲಿಲ್ಲ. ನನ್ನ ಹತ್ತಿರ ಬಂದು, ಒಂದು ಪುಟದ ಮೇಲೆ ಬೆರಳಿಟ್ಟು, ‘ಇದು ಯಾವ ಊರಮ್ಮ?’ ಅಂತ ಕೇಳಿದರು.

ನನಗೆ ಉತ್ತರ ಕೊಡಲು ಆಗಲಿಲ್ಲ. ಆ ಪುಟದಲ್ಲಿ ಅವರ ತಾಯಿ ಮಾತಾಡುತ್ತಿದ್ದರು. ಅವರು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅವರ ಮಾತು ಉಳಿದಿದ್ದದ್ದು ಮಗನ ಹಸ್ತಪ್ರತಿಯಲ್ಲಿ. ಅದನ್ನು ನಾನು ಅಳಿಸಿದ್ದೆ. ಮಾಸ್ತರರು ಈಗ ಇಲ್ಲ. ಪುಸ್ತಕ ಮರುಮುದ್ರಣ ಆಗಲಿಲ್ಲ. ಅವರ ಮೂಲ ಹಸ್ತಪ್ರತಿಯ ಕಡತ ನನ್ನ ಹತ್ತಿರ ಇನ್ನೂ ಇದೆ. ಕಂಪ್ಯೂಟರ್ ಎರಡು ಸಲ ಬದಲಾದರೂ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಎಂದಾದರೂ ಯಾರಾದರೂ ಮತ್ತೆ ಅಚ್ಚು ಹಾಕುತ್ತೇವೆ ಅಂದರೆ ಒಂದು ರೂಪಾಯಿ ತೆಗೆದುಕೊಳ್ಳದೆ ಮಾಡಿಕೊಡುತ್ತೇನೆ.

ಅದಾದ ಮುಂದಿನ ವರ್ಷ ಒಂದು ಭಾನುವಾರ ಮಳಖೇಡಕ್ಕೆ ಹೋಗಿದ್ದೆ. ಇಲ್ಲಿಂದ ಸುಮಾರು 40 ಕಿಲೋಮೀಟರ್. ಕಾಗಿಣಾ ನದಿಯ ದಂಡೆಯಲ್ಲಿ ಹಳೇ ಕೋಟೆ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದ ‘ಕವಿರಾಜಮಾರ್ಗ’ ಸುಮಾರು 850ರ ಹೊತ್ತಿನದು. ನಮಗೆ ಸಿಕ್ಕಿರುವ ಕನ್ನಡದ ಮೊದಲ ಪುಸ್ತಕ. ಅದರ ಮೊದಲ ಭಾಗವೇ ಬರವಣಿಗೆಯ ದೋಷಗಳ ಬಗ್ಗೆ. ಸಂಸ್ಕೃತ, ಕನ್ನಡ ಪದಗಳನ್ನು ಹೇಗೆಂದರೆ ಹಾಗೆ ಸಮಾಸ ಮಾಡುವುದು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದ ಹಾಗೆ ಅನ್ನುತ್ತಾನೆ. ನಮ್ಮ ಕೆಲಸ ನಮ್ಮ ಜಿಲ್ಲೆಯಲ್ಲೇ ಶುರುವಾದದ್ದು ಅಂತ ನನಗೆ ಹೆಮ್ಮೆ.

ಅದೇ ಪುಸ್ತಕದಲ್ಲಿ ಇನ್ನೊಂದು ಪದ್ಯ ಇದೆ. ಕನ್ನಡಗಳಲ್ಲಿ ದೋಷ ಇಷ್ಟೇ ಅಂತ ಎಣಿಸಿ ಹೇಳಲು ಹೊರಟರೆ ವಾಸುಕಿಗೂ ಸಾಧ್ಯವಿಲ್ಲ, ಅವನೂ ಬೇಸತ್ತುಹೋಗುತ್ತಾನೆ, ಯಾಕೆಂದರೆ ದೇಸಿ ಬೇರೆ ಬೇರೆ. ಅಲ್ಲಿರುವ ಪದ ‘ಕನ್ನಡಂಗಳೊಳ್’. ಕನ್ನಡದಲ್ಲಿ ಅಲ್ಲ, ಕನ್ನಡಗಳಲ್ಲಿ. ಕೋಟೆಯ ಕಲ್ಲಿನ ಮೇಲೆ ಕೂತು ಮಾಸ್ತರರ ಪ್ರಶ್ನೆ ಮತ್ತೆ ನೆನಪಾಯಿತು. ಸಾವಿರದ ನೂರು ವರ್ಷಕ್ಕೂ ಹಿಂದೆ ಇದೇ ನೆಲದಲ್ಲಿ ಕೂತವನಿಗೆ ಗೊತ್ತಿದ್ದದ್ದು ನನಗೆ ಗೊತ್ತಾಗಲಿಲ್ಲವಲ್ಲ ಅಂತ ಅನ್ನಿಸಿತು.

ಈಗ ಪ್ರತಿ ಕಾದಂಬರಿಗೂ ಒಂದು ಹಾಳೆ ಇಡುತ್ತೇನೆ. ಪಾತ್ರದ ಹೆಸರು, ವಯಸ್ಸು, ಯಾವ ಊರಿನವರು, ಯಾರನ್ನು ಏನಂತ ಕರೆಯುತ್ತಾರೆ, ‘ಅದ’ ಅನ್ನುತ್ತಾರೋ ‘ಐತಿ’ ಅನ್ನುತ್ತಾರೋ ‘ಇದೆ’ ಅನ್ನುತ್ತಾರೋ. ಶಹಾಬಾದಿನ ಕಾದಂಬರಿಯ ಹಾಳೆಯಲ್ಲಿ ಮೂರೂ ಇವೆ. ಗುಂಡಮ್ಮನದು ‘ಅದ’. ಹುಬ್ಬಳ್ಳಿಯಿಂದ ಬಂದ ಗುಮಾಸ್ತನದು ‘ಐತಿ’. ಬೆಂಗಳೂರಿನಲ್ಲಿ ಓದಿ ಬಂದ ಮೇಲೆ ಸಿದ್ರಾಮ ‘ಇದೆ’ ಅನ್ನುತ್ತಾನೆ, ಅವ್ವ ಆಸ್ಪತ್ರೆಯಲ್ಲಿರುವ ರಾತ್ರಿ ಅವನ ಬಾಯಿಗೆ ಮತ್ತೆ ‘ಅದ’ ಬರುತ್ತದೆ. ಹುಡುಗ ಇದನ್ನು ಬೇಕಂತಲೇ ಮಾಡಿದ್ದನೋ ತಾನಾಗಿ ಬಂತೋ ಅಂತ ಕೇಳಿದೆ. ಅವನಿಗೆ ಅಲ್ಲಿ ಹಾಗೆ ಬರೆದದ್ದೇ ಗೊತ್ತಿರಲಿಲ್ಲ. ಅದನ್ನು ಯಾರೂ ಮುಟ್ಟಬಾರದು ಅಂತ ಡಿಟಿಪಿಯವರಿಗೂ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ನೀಲಮ್ಮನ ವಿಷಯಕ್ಕೆ ಇವತ್ತು ಮಧ್ಯಾಹ್ನ ಫೋನ್ ಮಾಡಿದೆ. ಮೊದಲ ಬರಹದಲ್ಲಿ ಅವಳು ತಂಗಿಯಾಗಿದ್ದಳಂತೆ, ಆಮೇಲೆ ಅಕ್ಕ ಮಾಡಿದನಂತೆ. 220ನೇ ಪುಟದಲ್ಲಿ ಹಳೆಯದು ಉಳಿದುಬಿಟ್ಟಿದೆ. ಅದು ಅಲ್ಲಿಗೆ ಮುಗಿಯಿತು. ಅದಕ್ಕಿಂತ ದೊಡ್ಡದು ಗುಂಡಮ್ಮನ ಒಂದು ಕ್ರಿಯಾಪದ. ಒಂದು ಕಡೆ ‘ಹೋಗಾಕತ್ತಿದ್ದೆ’ ಅನ್ನುತ್ತಾಳೆ, ಇನ್ನೊಂದು ಕಡೆ ‘ಹೋಗ್ಲಕತ್ತಿದ್ದೆ’, ಮತ್ತೊಂದು ಕಡೆ ‘ಹೋಗ್ಲತ್ತಿದ್ದೆ’. ಮೂರಕ್ಕೂ ಅರ್ಥ ‘ಹೋಗುತ್ತಿದ್ದೆ’. ಅವನು, ‘ನೀವೇ ಯಾವ್ದರೆ ಒಂದು ಮಾಡ್ರಿ ಅಕ್ಕಾ’ ಅಂದ. ನಾನು, ‘ನಿಮ್ಮವ್ವ ಹೆಂಗ ಅಂತಾರ?’ ಅಂದೆ. ‘ಹೆಂಗ ಅಂತಾಳ... ಗೊತ್ತೇ ಇಲ್ರೀ’ ಅಂದ. ದಿನಾ ಕೇಳುವ ಮಾತು ಹಾಗೇ, ಕಿವಿಯಲ್ಲಿ ನಿಲ್ಲುವುದಿಲ್ಲ.

ಸಂಜೆ ವಾಟ್ಸಾಪ್‌ನಲ್ಲಿ ಒಂದು ಆಡಿಯೋ ಬಂತು. 2 ನಿಮಿಷ 40 ಸೆಕೆಂಡ್. ಅಪ್ಪನಿಗೆ ಖಣಿಯಲ್ಲಿ ಕಾಲಿಗೆ ಕಲ್ಲು ಬಿದ್ದ ದಿನದ ವಿಷಯ ಹೇಳು ಅಂತ ಅವ್ವನಿಗೆ ಕೇಳಿದ್ದಾನೆ. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿದೆ. ನಾಲ್ಕು ಸಲ ಕೇಳಿದೆ, ಪೆನ್ಸಿಲ್ ಹಿಡಿದು. ಸರಸರ ಹೇಳುವಾಗ ‘ಬುತ್ತಿ ಕಟ್ಕೊಂಡು ಖಣಿಗಿ ಹೋಗ್ಲತ್ತಿದ್ದೆ’ ಅನ್ನುತ್ತಾರೆ. ಗಂಡನನ್ನು ಹೊತ್ತು ತರುತ್ತಿದ್ದದ್ದನ್ನು ಹೇಳುವಾಗ ಮಾತು ನಿಧಾನವಾಗುತ್ತದೆ. ಅಲ್ಲಿ ‘ತರ್ಲಕತ್ತಿದ್ರು’ ಅಂತ ಪೂರಾ ಬರುತ್ತದೆ. ‘-ಆಕತ್ತಿ’ ಎಲ್ಲೂ ಇಲ್ಲ. ಹಾಳೆಯಲ್ಲಿ ಬರೆದೆ: ಗುಂಡಮ್ಮ, ಎಲ್ಲ ಕಡೆ ‘-ಲತ್ತಿ’, ಮಾತು ನಿಧಾನವಾಗುವ ಪುಟ 207, 208ರಲ್ಲಿ ಮಾತ್ರ ‘-ಲಕತ್ತಿ’.

ಆಡಿಯೋದ ಕೊನೆಗೆ ಅವರು ಮಗನ ಕೈಯಲ್ಲಿ ಫೋನ್ ನೋಡಿರಬೇಕು. ‘ಯಾರಿಗಿ ಕಳಸ್ಲತ್ತಿ ಇದು?’ ಅಂತ ಕೇಳುತ್ತಾರೆ. ಅದನ್ನೂ ಹಾಳೆಯಲ್ಲಿ ಬರೆದುಕೊಂಡೆ.